ಟೆಕ್ಸಸ್‌ನ ಆಟ ಕ್ರಿಕೆಟ್ಟಾ? ಸ್ವಲ್ಪ ತಡೀರಿ!

ನಮಸ್ಕಾರ. ಇವತ್ತು ಬೇರೆ ವಿಷಯ ಇತ್ತು, ಬದಿಗಿಟ್ಟೆ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ, "ಸಾರ್, ಟೆಕ್ಸಸ್‌ನ ಆಟ ಇನ್ಮೇಲೆ ಕ್ರಿಕೆಟ್ಟೇ, ಬರೆದಿಟ್ಕೊಳ್ಳಿ." ಅದಕ್ಕೆ ಲೈಕುಗಳು ಬೇರೆ!

ಯಾಕಂತೆ? 2024ರ ಟಿ20 ವಿಶ್ವಕಪ್‌ನಲ್ಲಿ ಡಲ್ಲಾಸ್ ಪಕ್ಕದ ಗ್ರ್ಯಾಂಡ್ ಪ್ರೇರಿಯಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿತು. ನಮ್ಮ ಚಿಕ್ಕಮಗಳೂರು ಮೂಲದ ನೊಸ್ತುಷ್ ಕೆಂಜಿಗೆ 3 ವಿಕೆಟ್ ತೆಗೆದರು. ನಾನೂ ಕುಣಿದಿದ್ದೇನೆ. ಆದರೆ ಒಂದು ಪಂದ್ಯ ಗೆದ್ದ ಮಾತ್ರಕ್ಕೆ ರಾಜ್ಯವನ್ನೇ ಬರೆದುಕೊಟ್ಟುಬಿಡುತ್ತಾರಾ?

ನನ್ನ ಲೆಕ್ಕ ಒಂದೇ. ಹೈಸ್ಕೂಲ್ ಹುಡುಗರ ಯಾವ ಆಟ ನೋಡೋಕೆ ಊರಿಗೆ ಊರೇ ಹೋಗಿ ಕೂರುತ್ತದೋ, ಅದೇ ಆ ರಾಜ್ಯದ ಆಟ. ಟಿವಿ ತಂಡ ಬೇಡ, ಕಪ್ ಬೇಡ.

ಟೆಕ್ಸಸ್ ನೋಡಿ. ಅಲೆನ್ ಅಂತ ಒಂದು ಊರು. 2012ರಲ್ಲಿ ಅಲ್ಲಿನ ಹೈಸ್ಕೂಲಿಗೆ ಫುಟ್‌ಬಾಲ್ ಸ್ಟೇಡಿಯಂ ಕಟ್ಟಿದರು. ಅಮೆರಿಕನ್ ಫುಟ್‌ಬಾಲ್ ರೀ, ಕೈಯಲ್ಲಿ ಹಿಡಿದು ಓಡೋದು. 6 ಕೋಟಿ ಡಾಲರ್, 18,000 ಸೀಟು. ಹೈಸ್ಕೂಲಿಗೆ! ಎರಡು ವರ್ಷದೊಳಗೆ ಕಾಂಕ್ರೀಟ್ ಬಿರುಕು ಬಿಟ್ಟಿತು. ಬೀಗ ಹಾಕಿ, ರಿಪೇರಿ ಮಾಡಿ, ಮತ್ತೆ ಹೋಗಿ ಕೂತರು. ಇದಕ್ಕಿಂತ ಸಾಕ್ಷಿ ಬೇಕಾ?

"ಸರ್ಕಾರದ ಅಧಿಕೃತ ಆಟಗಳ ಪಟ್ಟಿಯಲ್ಲಿ ಟೆಕ್ಸಸ್‌ಗೆ ರೋಡಿಯೋ, ಅಂದ್ರೆ ಕೌಬಾಯ್‌ಗಳ ಕುದುರೆ-ಗೂಳಿ ಸವಾರಿ ಆಟ, ಅಂತಿದೆ ಸಾರ್." ಇದೆ, ಇರಲಿ. ಅದೇ ಥರದ ಪಟ್ಟಿಯಲ್ಲಿ ಮೇರಿಲ್ಯಾಂಡ್‌ಗೆ ಏನಿದೆ ಗೊತ್ತಾ? ಜೌಸ್ಟಿಂಗ್! 1962ರಿಂದ. ಕುದುರೆ ಓಡಿಸ್ತಾ, ನೇತುಹಾಕಿದ ಪುಟ್ಟ ಉಂಗುರಕ್ಕೆ ಈಟಿ ತೂರಿಸಬೇಕು. ಕಷ್ಟದ ಆಟವೇ, ಒಪ್ಪಿದೆ. ಆದರೆ ಅಲ್ಲಿನ ಬಾಲ್ಟಿಮೋರ್ ನಗರದಲ್ಲಿ ಎಷ್ಟು ಮನೆಯಲ್ಲಿ ಈಟಿ ಇದೆ?

ಅಂದಹಾಗೆ ನಮ್ಮ ಚಾನೆಲ್ ಮಗ್ ಬಂದಿದೆ. ಈಟಿ ಇಲ್ಲ, ಮಗ್ ಇದೆ. ಲಿಂಕ್ ಕೆಳಗಿದೆ.

ಇನ್ನೊಬ್ಬರು, "ಆಟ ಹುಟ್ಟಿದ ಜಾಗ ಮುಖ್ಯ ಅಲ್ವಾ?" ಅಂತಾರೆ. ಅಲ್ಲ! ಬಾಸ್ಕೆಟ್‌ಬಾಲ್ 1891ರಲ್ಲಿ ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನಲ್ಲಿ. ಹುಚ್ಚು ಹಿಡಿದದ್ದು ಇಂಡಿಯಾನಾಗೆ. 1954ರಲ್ಲಿ ಮೈಲನ್ ಅನ್ನೋ ಪುಟ್ಟ ಊರಿನ ಶಾಲೆ, ಮಕ್ಕಳು 161 ಜನ, ರಾಜ್ಯದ ಫೈನಲ್‌ಗೆ ಬಂತು. ಎದುರಿಗೆ ದೊಡ್ಡ ಶಾಲೆ, ಮನ್ಸಿ ಸೆಂಟ್ರಲ್. ಕೊನೇ ಕ್ವಾರ್ಟರ್‌ನಲ್ಲಿ ಬಾಬಿ ಪ್ಲಂಪ್ ಅನ್ನೋ ಹುಡುಗ ಚೆಂಡು ಹಿಡಿದು ಸುಮ್ನೆ ನಿಂತ. 4 ನಿಮಿಷಕ್ಕೂ ಜಾಸ್ತಿ! ಚೆಂಡು ನೆಲಕ್ಕೆ ಬಡಿಯೋ ಡ್ರಿಬಲ್ ಇಲ್ಲ, ಪಾಸ್ ಇಲ್ಲ. ಆಮೇಲೆ ಕೊನೇ ಗಳಿಗೆಯಲ್ಲಿ ಹಾಕಿದ ನೋಡಿ, 32-30, ಮೈಲನ್ ಗೆದ್ದಿತು. ಅಲ್ಲಿಯವರು ಇವತ್ತಿಗೂ ಅದನ್ನೇ ಮಾತಾಡ್ತಾರೆ. ಹೈಸ್ಕೂಲ್ ರೀ, ಹೈಸ್ಕೂಲ್!

ಮಿನೆಸೋಟಾ ರಾಜ್ಯದ ಆಟ ಮಂಜುಗಡ್ಡೆ ಮೇಲೆ ಆಡೋ ಐಸ್ ಹಾಕಿ, ಚರ್ಚೆಯೇ ಬೇಡ. ಕೆನಡಾ ಗಡಿಯಲ್ಲಿ ವಾರೋಡ್ ಅಂತ ಊರಿದೆ, ಜನಸಂಖ್ಯೆ 2,000ವೂ ಇಲ್ಲ. 1960ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಆ ಊರಿನ ಅಣ್ಣತಮ್ಮ, ಬಿಲ್ ಮತ್ತು ರಾಜರ್ ಕ್ರಿಶ್ಚಿಯನ್. 1980ರಲ್ಲಿ ಮತ್ತೆ ಚಿನ್ನ ಬಂದಾಗ ಬಿಲ್ ಮಗ ಡೇವ್. ಇವರೆಲ್ಲ ಎಲ್ಲಿಂದ ಬಂದರು? ಊರಿನ ಹುಡುಗರ ಆಟದಿಂದ!

ಹವಾಯಿಗೆ ಸರ್ಫಿಂಗ್, ಅಲಾಸ್ಕಾಗೆ ನಾಯಿ ಎಳೆಯೋ ಬಂಡಿ. ಅವು ಬೇರೆ ಲೋಕ, ನನ್ನ ಲೆಕ್ಕದೊಳಗೆ ತರಬೇಡಿ. ಯಾಕೆ ಅಂತ ಕೇಳಿದರೆ, ಚಾನೆಲ್ ನಂದು.

ವಾಷಿಂಗ್ಟನ್ ರಾಜ್ಯದ ಆಟ ಪಿಕಲ್‌ಬಾಲ್ (ಪುಟ್ಟ ಅಂಕಣದಲ್ಲಿ ಟೆನಿಸ್ ಥರ ಆಡೋದು) ಅಂತ 2022ರಲ್ಲಿ ಕಾನೂನೇ ಆಗಿದೆ. ಊರೆಲ್ಲ ಸೇರಿ ಕೂತು ಪಿಕಲ್‌ಬಾಲ್ ನೋಡ್ತಾರಾ? ನೋಡ್ತಾರಾ? ನೀವೇ ಹೇಳಿ. ಬೇಡ, ಹೇಳಬೇಡಿ, ಹೇಳಿದರೆ ಮತ್ತೊಂದು ವಿಡಿಯೋ ಮಾಡಬೇಕಾಗುತ್ತದೆ. ಸರಿ, ಹೇಳಿ, ವ್ಯೂಸ್ ಬರುತ್ತೆ. ಡೆಲವೇರ್‌ಗೆ ಯಾವ ಆಟ ಅಂತ ಮಾತ್ರ ಕೇಳಬೇಡಿ. ಸಬ್‌ಸ್ಕ್ರೈಬ್ ಆಗಿ, ಮಗ್ ತಗೊಳ್ಳಿ.