ಏಳುಘಟ್ಟದ ಸಾಹುಕಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಬ್ಬ ಅರಸನ ಬಗ್ಗೆ ಹೇಳಬೇಕು. ಅವನ ಹೆಸರು ಸಿರಿಯಣ್ಣ ಒಡೆಯ. ಅವನ ನಾಡು ಏಳುಘಟ್ಟ. ನಕಾಶೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಾನು ಬರೆಯುತ್ತಿರುವ ಒಂದು ಕಾದಂಬರಿಯಲ್ಲಿ ಮಾತ್ರ ಅವನಿದ್ದಾನೆ. ಅವನು ಕತ್ತಿ ಹಿಡಿದು ನಾಡು ಗೆದ್ದವನಲ್ಲ. ಮಂತ್ರ ಮಾಟ ಕಲಿತವನೂ ಅಲ್ಲ. ಎತ್ತಿನ ಮೇಲೆ ಹೇರು ಹೊರಿಸಿ ಘಟ್ಟ ಹತ್ತಿ ಇಳಿದು, ಸಾಲ ಕೊಟ್ಟು, ಬಡ್ಡಿ ಬರೆದು, ಕೊನೆಗೆ ಗದ್ದುಗೆ ಏರಿದ ವ್ಯಾಪಾರಿ.

ಶಿವಮೊಗ್ಗದ ಕಾಲೇಜು ಹುಡುಗ ಹುಡುಗಿಯರು ಮಾಯಾಲೋಕದ ಕತೆ ಬರೆದು ನನಗೆ ತೋರಿಸುತ್ತಿರುತ್ತಾರೆ. ಚೆನ್ನಾಗಿ ಬರೆಯುತ್ತಾರೆ. ಆದರೆ ಆ ಕತೆಗಳಲ್ಲಿ ಬರುವ ಶ್ರೀಮಂತ ಒಡೆಯ ಯಾವಾಗಲೂ ಒಂದೇ ಥರ. ಹತ್ತು ಬೆರಳಿಗೂ ಉಂಗುರ, ನೆಲಮಾಳಿಗೆ ತುಂಬ ಚಿನ್ನ. ಆ ಚಿನ್ನ ಎಲ್ಲಿಂದ ಬಂತು? ಯಾರು ಹೊತ್ತು ತಂದರು? ದಾರಿಯಲ್ಲಿ ಯಾವ ಕಟ್ಟೆಯಲ್ಲಿ ಸುಂಕ ಕಟ್ಟಿದರು? ಅದು ಕತೆಯಲ್ಲಿ ಇರುವುದಿಲ್ಲ. ಹಾಗಾಗಿ ಆ ಒಡೆಯನನ್ನು ಕಂಡರೆ ಭಯವೂ ಆಗುವುದಿಲ್ಲ, ಮರುಕವೂ ಹುಟ್ಟುವುದಿಲ್ಲ. ಸುಮ್ನೆ ಬಂದು ಹೋಗುತ್ತಾನೆ.

ನನಗೆ ಇದು ಬೇಸರದ ವಿಷಯ. ಯಾಕೆಂದರೆ ದುಡ್ಡು ಅಧಿಕಾರವಾಗಿ ತಿರುಗುವ ಕತೆಗೆ ನಮ್ಮ ಮಲೆನಾಡಿನಷ್ಟು ಒಳ್ಳೆಯ ನೆಲ ಇನ್ನೊಂದು ಸಿಗುವುದು ಕಷ್ಟ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯನ್ನೇ ನೋಡಿ. ಹನ್ನೊಂದನೇ ಶತಮಾನದಲ್ಲಿ ಅದು ದೊಡ್ಡ ಪಟ್ಟಣ. ಅಯ್ಯಾವೊಳೆ ಐನೂರ್ವರು ಎಂಬ ವ್ಯಾಪಾರಿ ಕೂಟದ ಹೊಗಳಿಕೆ ಆ ಸೀಮೆಯ ಶಾಸನದಲ್ಲಿದೆ. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ ಅಂತ ತಾವು ತಿರುಗಿದ ನಾಡುಗಳ ಹೆಸರು ಹೇಳಿಕೊಳ್ಳುತ್ತಾರೆ. ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ ಅಂತ ಸರಕಿನ ಪಟ್ಟಿ ಹರಿಯುತ್ತದೆ. ಅವರಿಗೆ ತಮ್ಮದೇ ಕಟ್ಟಳೆ ಇತ್ತು, ತಮ್ಮದೇ ಬಾವುಟ ಇತ್ತು, ಸರಕು ಕಾಯಲು ತಮ್ಮದೇ ವೀರರಿದ್ದರು. ಓದುತ್ತಾ ಹೋದರೆ ಇದು ಅಂಗಡಿಯವರ ಮಾತೋ ಚಕ್ರವರ್ತಿಯ ಬಿರುದೋ ಅನ್ನಿಸಿಬಿಡುತ್ತದೆ.

ಇನ್ನು ಕಾಳುಮೆಣಸು. ಜೋಗದ ಕೆಳಗಿನ ಗೇರುಸೊಪ್ಪೆಯಲ್ಲಿ 1552ರಿಂದ 1606ರವರೆಗೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಹಡಗು ತಂದು ಫಿರಂಗಿ ಇಟ್ಟುಕೊಂಡವರಿಗೂ ಮೆಣಸಿಗಾಗಿ ಆಕೆಯ ಜೊತೆ ಮಾತಾಡದೆ ಗತಿ ಇರಲಿಲ್ಲ. ಆಕೆಯ ನಾಡನ್ನು ಆಮೇಲೆ ಗೆದ್ದುಕೊಂಡದ್ದು ನಮ್ಮ ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿ ಅರಸ ವೆಂಕಟಪ್ಪ ನಾಯಕ. 1623ರಲ್ಲಿ ಪೋರ್ಚುಗೀಸರ ರಾಯಭಾರಿ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಅವನ ಜೊತೆಗೆ ಪಿಯೆತ್ರೊ ದೆಲ್ಲ ವಾಲೆ ಎಂಬ ಇಟಲಿಯ ಪ್ರವಾಸಿಯೂ ಬಂದ. ನಡುವೆ ಇದ್ದ ವಿಷಯಗಳಲ್ಲಿ ಮೆಣಸೂ ಒಂದು. ಸಮುದ್ರ ಆಳುವವರು ಬೆಟ್ಟದ ದೊರೆಯ ಬಾಗಿಲಲ್ಲಿ ನಿಂತ ಆ ನೋಟ ನನ್ನ ತಲೆಯಿಂದ ಹೋಗುವುದೇ ಇಲ್ಲ.

ಸಿರಿಯಣ್ಣ ಹುಟ್ಟಿದ್ದು ಇಂಥವುಗಳಿಂದ. ಆದರೆ ಅವನ ಲೋಕದಲ್ಲಿ ಮೆಣಸಿಗಿಂತ ಬೆಲೆಬಾಳುವ ಒಂದು ವಸ್ತು ಇರಬೇಕಿತ್ತು. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಘಾಟಿಯಲ್ಲಿ ಓಡಾಡಿದವರಿಗೆ ಮಂಜು ಅಂದರೆ ಏನು ಅಂತ ಗೊತ್ತು. ಮುಂದಿನ ತಿರುವು ಕಾಣುವುದಿಲ್ಲ. ಏಳುಘಟ್ಟದ ಮಂಜು ಇನ್ನೂ ಕೆಟ್ಟದ್ದು. ಅದರೊಳಗೆ ಹೋದ ಎತ್ತಿನ ಸಾಲು ಹಿಂದಕ್ಕೆ ಬರುವುದಿಲ್ಲ. ಆ ಮಂಜನ್ನು ಸೀಳುವುದು ಒಂದೇ ಒಂದು ಬೆಳಕು, ಮಿಣುಕೆ ಮರದ ಕಾಯಿಯಿಂದ ತೆಗೆದ ಎಣ್ಣೆಯ ದೀಪ. ಆ ಮರ ಬೆಳೆಯುವುದು ಒಂದೇ ಗುಡ್ಡದ ಇಳಿಜಾರಿನಲ್ಲಿ.

ಈಗ ಲೆಕ್ಕ ಹಾಕಿ. ಕೆಳಗಿನಿಂದ ಉಪ್ಪು ಮೇಲೆ ಬರಬೇಕು. ಮೇಲಿನಿಂದ ಅಕ್ಕಿ, ಅಡಿಕೆ, ಮೆಣಸು ಕೆಳಗೆ ಇಳಿಯಬೇಕು. ಅದಕ್ಕೆ ದೀಪ ಬೇಕು, ದೀಪಕ್ಕೆ ಎಣ್ಣೆ ಬೇಕು, ಎಣ್ಣೆ ಇರುವುದು ಸಿರಿಯಣ್ಣನ ಉಗ್ರಾಣದಲ್ಲಿ. ಅವನಿಗೆ ಸೈನ್ಯ ಯಾಕೆ ಬೇಕು?

ಆ ಗುಡ್ಡ ಅವನ ಕೈಗೆ ಬಂದದ್ದು ಹೇಗೆ ಅನ್ನುವುದನ್ನು ಬರೆಯಲು ನನಗೆ ಜಾಸ್ತಿ ಹೊತ್ತು ಬೇಕಾಯಿತು. ಕೊನೆಗೆ ಉತ್ತರ ಸಿಕ್ಕಿದ್ದು ಅಡಿಕೆ ತೋಟದಲ್ಲಿ. ನಮ್ಮಲ್ಲಿ ಚೇಣಿ ಅಂತ ಇದೆಯಲ್ಲ, ಮರದ ಮೇಲಿರುವ ಫಸಲನ್ನೇ ಮೊದಲೇ ಮಾತಾಡಿ ವಹಿಸಿಕೊಳ್ಳುವುದು. ಮನೆಯಲ್ಲಿ ಮದುವೆ ಇದೆ, ಯಾರಿಗೋ ಕಾಯಿಲೆ ಇದೆ, ಈಗಲೇ ದುಡ್ಡು ಬೇಕು. ಹಣ ಇದ್ದವನು ಬಂದು ಮುಂಗಡ ಕೊಡುತ್ತಾನೆ. ಫಸಲು ಅವನದಾಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಇಬ್ಬರಿಗೂ ಅನುಕೂಲ ಇದೆ. ಸಿರಿಯಣ್ಣ ಮಾಡಿದ್ದು ಇಷ್ಟೇ. ಮಿಣುಕೆ ಗುಡ್ಡದ ಪ್ರತಿ ಮನೆಗೂ ಕಷ್ಟದ ದಿನವೇ ಹೋದ. ಕೇಳಿದಷ್ಟು ಕೊಟ್ಟ. ಒರಟು ಮಾತು ಆಡಲಿಲ್ಲ. ಆ ವರ್ಷದ ಕಾಯಿ ಅವನದಾಯಿತು, ಮುಂದಿನ ವರ್ಷದ್ದೂ ಆಯಿತು, ಕಡೆಗೆ ಮಗು ಹುಟ್ಟುವ ಮೊದಲೇ ಆ ಮಗು ಹತ್ತಬೇಕಾದ ಮರದ ಕಾಯಿಯೂ ಅವನ ಕಡತಕ್ಕೆ ಸೇರಿತು. ಜನ ಅವನನ್ನು ಒಳ್ಳೆಯ ಮನುಷ್ಯ ಅಂತಲೇ ಹೇಳುತ್ತಾರೆ. ಅದು ಸುಳ್ಳೂ ಅಲ್ಲ. ಈ ಭಾಗ ಬರೆಯುವಾಗ ನನಗೆ ನಿಜವಾಗಿಯೂ ಭಯವಾಯಿತು.

ಗದ್ದುಗೆಗೆ ಏರಿದ ದಾರಿಯೂ ಅದೇ. ಹಳೆಯ ರಾಜಮನೆತನ ಸಾಲ ಮಾಡಿತ್ತು. ಇದು ಬರಿ ಕಲ್ಪನೆ ಅಂದುಕೊಳ್ಳಬೇಡಿ. ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ ಯಾಕೊಬ್ ಫುಗ್ಗರ್ ಎಂಬ ವ್ಯಾಪಾರಿ ಇದ್ದ. 1519ರಲ್ಲಿ ಐದನೇ ಚಾರ್ಲ್ಸ್ ಚಕ್ರವರ್ತಿಯಾಗಿ ಆಯ್ಕೆಯಾಗಲು ಖರ್ಚಾದದ್ದು ಸುಮಾರು 8.5 ಲಕ್ಷ ಚಿನ್ನದ ನಾಣ್ಯ. ಅದರಲ್ಲಿ 5.4 ಲಕ್ಷದಷ್ಟು ಫುಗ್ಗರ್ ಮನೆಯದು. ನಾಲ್ಕು ವರ್ಷದ ಮೇಲೆ ಅವನು ಚಕ್ರವರ್ತಿಗೇ ಕಾಗದ ಬರೆದು, ನಾನಿಲ್ಲದೆ ಈ ಕಿರೀಟ ನಿಮ್ಮ ತಲೆಗೆ ಬರುತ್ತಿರಲಿಲ್ಲ ಅನ್ನುವ ಅರ್ಥದಲ್ಲಿ ನೆನಪಿಸಿ, ಬಾಕಿ ಕೇಳಿದ. ಇಟಲಿಯ ಫ್ಲಾರೆನ್ಸ್‌ನಲ್ಲಿ ಮೆದಿಚಿ ಮನೆಯವರು 1397ರಲ್ಲಿ ಬ್ಯಾಂಕು ತೆರೆದರು. ಆ ಮನೆಯ ಕೊಸಿಮೊ 1434ರಿಂದ ಮೂವತ್ತು ವರ್ಷ ಆ ಊರನ್ನು ನಡೆಸಿದ. ಹೆಸರಿಗೆ ಅವನು ದೊರೆಯಲ್ಲ. ಬ್ಯಾಂಕು 1494ರಲ್ಲಿ ಮುಳುಗಿತು. ಆದರೂ 1532ರಲ್ಲಿ ಆ ವಂಶದವನೊಬ್ಬ ಫ್ಲಾರೆನ್ಸ್‌ನ ಡ್ಯೂಕ್ ಆದ. ದುಡ್ಡು ಹೋದ ಮೇಲೂ ಆಸೆ ಹೋಗಿರಲಿಲ್ಲ!

ಸಿರಿಯಣ್ಣನಿಗೂ ಆ ಆಸೆಯೇ. ಸಾಲದ ಪತ್ರಗಳನ್ನು ರಾಜನ ಮುಂದೆ ಇಟ್ಟ, ಬದಲಿಗೆ ಗದ್ದುಗೆ ಕೇಳಿದ. ಪಟ್ಟಾಭಿಷೇಕ ನಡೆಯಿತು. ತನ್ನ ಹೆಸರಿನ ನಾಣ್ಯ ಹೊಡೆಸಿದ. ಆದರೆ ಪೇಟೆಯಲ್ಲಿ ಯಾರೂ ಅದನ್ನು ಅವನ ಹೆಸರಿನಿಂದ ಕರೆಯುವುದಿಲ್ಲ, ಹಳೆಯ ರಾಜಧಾನಿಯ ಹೆಸರನ್ನೇ ಹೇಳುತ್ತಾರೆ. ಇದು ನನಗೆ ಕೆಳದಿ ಅರಸರಿಂದ ಸಿಕ್ಕಿದ್ದು. ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದ ಮೇಲೂ ಅವರ ಚಿನ್ನದ ನಾಣ್ಯವಾದ ವರಹ ಇಕ್ಕೇರಿ ವರಹವಾಗಿಯೇ ಉಳಿಯಿತು. ಹೊಸ ದೊರೆಗೆ ಇದು ಎಷ್ಟು ಚುಚ್ಚಬಹುದು ಹೇಳಿ.

ಈಗ ಕಾದಂಬರಿಯ ಮುಖ್ಯ ಭಾಗಕ್ಕೆ ಬರುತ್ತೇನೆ. ಪಟ್ಟವೇರಿದ ಮೂರನೇ ಮಳೆಗಾಲ. ಮಳೆ ನಿಲ್ಲುವುದೇ ಇಲ್ಲ. ಘಟ್ಟದ ದಾರಿ ಕುಸಿದಿದೆ. ಬಂದರು ಮುಚ್ಚಿದೆ. ನಮ್ಮ ಹಳೆಯ ವ್ಯಾಪಾರದ ಲೆಕ್ಕವೇ ಇದು, ಮಳೆಗೆ ಮುಂಚೆ ಏನು ಸಾಗಿಸಿದಿರಿ ಅಷ್ಟೇ, ಆಮೇಲೆ ನಾಲ್ಕು ತಿಂಗಳು ಇದ್ದದ್ದರಲ್ಲೇ ಇರಬೇಕು. ನಾಡಿನಲ್ಲಿ ಅಕ್ಕಿ ಮುಗಿದಿದೆ. ಸಿರಿಯಣ್ಣನ ಕಣಜ ಮಾತ್ರ ತುಂಬಿದೆ. ಹಳೆಯ ಗುಮಾಸ್ತರು ಕಡತ ಹಿಡಿದು ಬರುತ್ತಾರೆ. ‘ಒಡೆಯರೇ, ಇನ್ನೊಂದು ಪಕ್ಷ ತಡೆದರೆ ಧಾರಣೆ ಎರಡರಷ್ಟಾಗುತ್ತದೆ’ ಅನ್ನುತ್ತಾರೆ. ಅವರು ದುಷ್ಟರಲ್ಲ. ಜೀವನ ಪೂರ್ತಿ ಇದೇ ಮಾತನ್ನು ಹೇಳಿದವರು, ಹಾಗೆ ಹೇಳಿದ್ದಕ್ಕೇ ಸಂಬಳ ಪಡೆದವರು.

ಸಿರಿಯಣ್ಣ ಕಿಟಕಿಯಿಂದ ಕೆಳಗೆ ನೋಡುತ್ತಾನೆ. ಅರಮನೆಯ ಹೆಬ್ಬಾಗಿಲಲ್ಲಿ ಒಬ್ಬರೂ ಇಲ್ಲ. ಜನರೆಲ್ಲ ಪಕ್ಕದ ಓಣಿಯಲ್ಲಿ ಅವನ ಹಳೆಯ ಅಂಗಡಿಯ ಮುಂದೆ ಸಾಲು ನಿಂತಿದ್ದಾರೆ. ಕೈಯಲ್ಲಿ ಹಿತ್ತಾಳೆ ಕೊಡ, ತಾಮ್ರದ ಹಂಡೆ, ಮೂಗುಬೊಟ್ಟು. ಅಡವಿಡಲು ಬಂದಿದ್ದಾರೆ. ದೊರೆಯ ಹತ್ತಿರ ಹೋಗಿ ಅನ್ನ ಕೇಳಬಹುದು ಅನ್ನುವುದು ಅವರಿಗೆ ಹೊಳೆದೇ ಇಲ್ಲ. ಮೂರು ವರ್ಷ ಆಳಿದರೂ ಅವರ ಪಾಲಿಗೆ ಅವನಿನ್ನೂ ಸಾಹುಕಾರನೇ.

ನನ್ನ ಮಟ್ಟಿಗೆ ಇಡೀ ಕಾದಂಬರಿ ಇರುವುದು ಆ ಸಾಲಿನಲ್ಲಿ. ಧಾರಣೆ ಬರಲಿ ಅಂತ ಕಾಯುವುದು ವ್ಯಾಪಾರದಲ್ಲಿ ಜಾಣತನ. ಆ ಜಾಣತನದಿಂದಲೇ ಅವನು ಗದ್ದುಗೆಗೆ ಬಂದ. ಈಗ ಅದೇ ಜಾಣತನ ಅವನನ್ನು ದೊರೆಯಾಗಲು ಬಿಡುತ್ತಿಲ್ಲ. ಕೆಳದಿಯ ಶಿವಪ್ಪ ನಾಯಕನ ಶಿಸ್ತು, ಅಂದರೆ ಅವನ ಕಂದಾಯ ಪದ್ಧತಿಯ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಭೂಮಿಯ ಗುಣ ನೋಡಿ, ಬೆಳೆಯ ಅಂದಾಜು ಮಾಡಿ, ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ ಎಂದು ಗೊತ್ತು ಮಾಡಿದ. ರೈತನಿಗೆ ತಾನು ಕೊಡಬೇಕಾದದ್ದು ಎಷ್ಟು ಅಂತ ಮೊದಲೇ ತಿಳಿಯಿತು. ಬೆಟ್ಟದ ಬಡವನಿಗೆ ಆ ತಿಳಿವಳಿಕೆಯೇ ಎಷ್ಟು ದೊಡ್ಡದು! ಸಿರಿಯಣ್ಣನ ನಾಡಿನಲ್ಲಿ ಯಾರಿಗೂ ತಮ್ಮ ಬಾಕಿ ಎಷ್ಟು ಅಂತ ಗೊತ್ತಿಲ್ಲ. ಅದು ಗೊತ್ತಿರುವುದು ಕಡತಕ್ಕೆ ಮಾತ್ರ.

ಅವನು ಕಣಜ ತೆರೆಸುತ್ತಾನೆ. ಕೊಡ, ಹಂಡೆ ಯಾವುದನ್ನೂ ಮುಟ್ಟಬೇಡಿ ಅನ್ನುತ್ತಾನೆ. ಆದರೆ ಅಳೆದುಕೊಟ್ಟ ಪ್ರತಿ ಕೊಳಗವನ್ನೂ ಬರೆಸುತ್ತಾನೆ. ಈ ಅಧ್ಯಾಯ ಓದಿದ ಒಬ್ಬ ಹುಡುಗಿ, ‘ಸರ್, ಅವನು ಕಡತ ಸುಟ್ಟುಬಿಟ್ಟರೆ ಚೆನ್ನಾಗಿತ್ತು’ ಅಂದಳು. ಅವಳ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಎಳವೆಯಿಂದ ಲೆಕ್ಕ ಬರೆದ ಕೈ ಒಂದು ಮಳೆಗೆ ಬದಲಾಗುವುದಿಲ್ಲ. ಅವನು ಕೊಡಬಲ್ಲ, ಬರೆಯದೆ ಕೊಡಲಾರ. ಮಳೆ ನಿಂತಾಗ ನಾಡಿನ ಜನರೆಲ್ಲ ಬದುಕಿದ್ದಾರೆ, ಎಲ್ಲರೂ ಅವನಿಗೆ ಸಾಲಗಾರರೂ ಆಗಿದ್ದಾರೆ.

ತುಂಬಿದ ಖಜಾನೆಗೆ ಹೊರಗಿನವರ ಕಣ್ಣು ಬೀಳುವುದೂ ಕತೆಯಲ್ಲಿದೆ. ಅದನ್ನು ಉದ್ದಕ್ಕೆ ಹೇಳುವುದಿಲ್ಲ. 1763ರಲ್ಲಿ ಹೈದರ್ ಅಲಿ ಬಿದನೂರು ಹಿಡಿದ. ಅವನ ಮುಂದಿನ ಏಳಿಗೆಗೆ ಬುನಾದಿಯಾದದ್ದು ಅಲ್ಲಿ ಸಿಕ್ಕ ಸಂಪತ್ತು. ಈಗ ನಗರ ಎಂದು ಕರೆಯುವ ಆ ಊರಿನ ಕೋಟೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಷಯ ಮಾತ್ರ ಹೇಳಲೇಬೇಕು. ಕೆಳದಿ ಮನೆತನ ಹುಟ್ಟಿದ ಬಗ್ಗೆ ಒಂದು ಹಳೆಯ ಕತೆ ಇದೆ. ಚೌಡಪ್ಪ, ಭದ್ರಪ್ಪ ಎಂಬ ಅಣ್ಣತಮ್ಮಂದಿರಿಗೆ ನೆಲದಲ್ಲಿ ನಿಧಿ ಇರುವುದು ಗೊತ್ತಾಯಿತು. ಅದನ್ನು ಎತ್ತಲು ನರಬಲಿ ಬೇಕಾಯಿತು. ಮನೆಯ ಆಳುಗಳಾದ ಎಡವ ಮತ್ತು ಮುರಾರಿ ತಾವೇ ತಲೆ ಒಡ್ಡಿದರು. ಕತೆ ಇರಲಿ, ‘ಎಡವ ಮುರಾರಿ’ ಎಂಬ ಬಿರುದು ಮಾತ್ರ ನಿಜ. ಕೆಳದಿ ಅರಸರು ಅದನ್ನು ‘ಕೋಟೆ ಕೋಲಾಹಲ’ ಎಂಬ ಬಿರುದಿನ ಜೊತೆಗೇ ಇಟ್ಟುಕೊಂಡಿದ್ದರು. ದೊರೆ ಬರುವಾಗ ಹೊಗಳುಭಟರು ಮೊದಲು ಕೂಗಬೇಕಾಗಿದ್ದು ಇಬ್ಬರು ಆಳುಗಳ ಹೆಸರು. ಸಂಪತ್ತಿನ ತಳದಲ್ಲಿ ಯಾರಿದ್ದಾರೆ ಅನ್ನುವುದನ್ನು ಇಷ್ಟು ಬಹಿರಂಗವಾಗಿ ಒಪ್ಪಿಕೊಂಡ ಮನೆತನ ಬೇರೆ ನನಗೆ ಕಂಡಿಲ್ಲ.

ಸಿರಿಯಣ್ಣನ ಮೊದಲ ವರ್ಷದ ಫಸಲಿನಲ್ಲಿ ಇಬ್ಬರು ಮರ ಹತ್ತುವವರು ಒದ್ದೆ ಮರದಿಂದ ಜಾರಿ ಬಿದ್ದು ಸತ್ತಿದ್ದರು. ಅವತ್ತು ಅವರು ಇಳಿಸಿದ ಕಾಯಿಯ ತೂಕ ಕಡತದಲ್ಲಿದೆ. ಅವರ ಹೆಸರಿಲ್ಲ. ಅಕ್ಕಿ ಹಂಚಿದ ವರ್ಷ ಅವನು ಗುಮಾಸ್ತರನ್ನು ಕರೆದು ಆ ಹೆಸರುಗಳನ್ನು ಹುಡುಕಿಸುತ್ತಾನೆ, ತನ್ನ ಬಿರುದಿಗೆ ಸೇರಿಸಲು. ಪಶ್ಚಾತ್ತಾಪವೋ, ಜನ ಹೆಬ್ಬಾಗಿಲಿಗೆ ಬರಲಿ ಅನ್ನುವ ಹಳೆಯ ಆಸೆಯೋ, ಅವನಿಗೇ ಗೊತ್ತಿಲ್ಲ. ಸತ್ತವರಲ್ಲಿ ಒಬ್ಬನ ಮಗಳು ಈಗ ಮಿಣುಕೆ ಗುಡ್ಡದಲ್ಲಿ ಎಣ್ಣೆ ತೆಗೆಯುತ್ತಾಳೆ. ಅವಳನ್ನು ಆಸ್ಥಾನಕ್ಕೆ ಕರೆಸಿ ಅಪ್ಪನ ಹೆಸರು ಕೇಳುತ್ತಾರೆ. ಹೇಳುವ ಮೊದಲು ಅವಳು ತನ್ನ ಮನೆಯ ಬಾಕಿ ಎಷ್ಟಿದೆ ಓದಿ ಅನ್ನುತ್ತಾಳೆ. ಗುಮಾಸ್ತರು ಓದಲು ಶುರುಮಾಡಿದ್ದಾರೆ. ನಾನು ಬರೆದಿರುವುದು ಅಲ್ಲಿಯವರೆಗೆ.

ನಮಸ್ಕಾರ.