ಮೂವತ್ತೆರಡು ಡಬ್ಬಗಳ ಹಿಂದಿನ ಕೈ

(ಹಾಸನದಲ್ಲಿ ಚಿತ್ರಕಲಾ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಪರದೆಯ ಮೇಲಿರುವುದು ನಿಮಗೆಲ್ಲ ಗೊತ್ತು. ಕ್ಯಾಂಬೆಲ್ ಸೂಪಿನ ಡಬ್ಬಗಳು, ಅಮೆರಿಕದ ಚಿತ್ರಕಾರ ಆಂಡಿ ವಾರ್ಹಾಲ್, 1962. ಮೂವತ್ತೆರಡು ರುಚಿಗೆ ಮೂವತ್ತೆರಡು ಕ್ಯಾನ್ವಾಸ್, ಒಂದೊಂದೂ 20 ಇಂಚು ಎತ್ತರ, 16 ಇಂಚು ಅಗಲ. ಈ ಚಿತ್ರದ ಬಗ್ಗೆ ಬರೆಯಿರಿ ಅಂದರೆ ಎರಡು ವಾಕ್ಯ ತಪ್ಪದೆ ಬರುತ್ತವೆ: ‘ಇದು ಗ್ರಾಹಕ ಸಂಸ್ಕೃತಿಯ ವಿಮರ್ಶೆ’, ‘ಇದು ಸಿಲ್ಕ್‌ಸ್ಕ್ರೀನ್’. ಎರಡನೆಯದು, ಅಂದರೆ ಜಾಲರಿ ಬಟ್ಟೆಯ ಮೂಲಕ ಬಣ್ಣ ಒತ್ತಿ ಅಚ್ಚು ಹಾಕಿದ್ದು ಅನ್ನುವುದು, ತಪ್ಪು. ಮೊದಲನೆಯದಕ್ಕೆ ಅಷ್ಟು ಆತುರ ಬೇಡ.

ಇದು ಕೈಯಲ್ಲಿ ಬರೆದದ್ದು. ಸಿಲ್ಕ್‌ಸ್ಕ್ರೀನ್ ಅವನ ಕೈಗೆ ಬಂದದ್ದು ಇದಾದ ಮೇಲೆ. ಪ್ರೊಜೆಕ್ಟರಿನಿಂದ ಡಬ್ಬದ ಚಿತ್ರ ಬಿಟ್ಟುಕೊಂಡು, ಪೆನ್ಸಿಲಿನಲ್ಲಿ ಗೆರೆ ಎಳೆದು, ಕುಂಚದಿಂದ ಬಣ್ಣ ತುಂಬಿದ. ಕೆಳಅಂಚಿನ ಹೂವಿನ ಸಾಲನ್ನು ಮಾತ್ರ ಠಸ್ಸೆಯಿಂದ ಒತ್ತಿದ. ಆ ಸಾಲನ್ನೇ ದಿಟ್ಟಿಸಿ: ಹೂಗಳು ಒಂದೇ ಸಮ ಕೂತಿಲ್ಲ. ಇನ್ನು ನಡುವಿನ ಬಿಲ್ಲೆ. ಅಸಲಿ ಡಬ್ಬದಲ್ಲಿ ಅದು 1900ರ ಪ್ಯಾರಿಸ್ ಪ್ರದರ್ಶನದ ಪದಕ, ಅದರೊಳಗೆ ಸಣ್ಣ ಸಣ್ಣ ಆಕೃತಿಗಳಿವೆ. ವಾರ್ಹಾಲ್ ಎಲ್ಲ ಅಳಿಸಿ ಬರೀ ಚಿನ್ನದ ಬಣ್ಣದ ಗುಂಡು ಮಾಡಿದ. ಏನಿದೆ ಅನ್ನುವುದರ ಜೊತೆಗೆ ಏನು ಬಿಟ್ಟಿದ್ದಾನೆ ಅನ್ನುವುದನ್ನೂ ಪಟ್ಟಿ ಮಾಡಿ. ಅರ್ಥದ ಮಾತು ಆಮೇಲೆ.

ಮನೆಯ ಕಾಫಿಪುಡಿ ಡಬ್ಬವನ್ನೇ ಹೀಗೆ ಬರೆದು ನೋಡಿ, ಎಷ್ಟು ಕಷ್ಟ ಅಂತ ತಿಳಿಯುತ್ತದೆ. ಡಬ್ಬ ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ, ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚಿರಬೇಕು. ಎರಡನ್ನೂ ಒಂದೇ ಅಳತೆಗೆ ಎಳೆದರೆ ತಳ ಮೇಲಕ್ಕೆ ಎದ್ದಂತೆ ಕಾಣುತ್ತದೆ. ಅಕ್ಷರಗಳು ಅಂಚಿಗೆ ಹೋದಂತೆ ಕಿರಿದಾಗಬೇಕು. ಕೆಂಪು ಅಕ್ರಿಲಿಕ್ ಒಂದು ಕೈಗೆ ಮುಚ್ಚುವುದಿಲ್ಲ, ಎರಡೋ ಮೂರೋ ತೆಳು ಪದರ ಬೇಕು. ಕೆಂಪು-ಬಿಳಿ ಕೂಡುವ ಕಡೆ ಟೇಪ್ ಅಂಟಿಸಿ ನೇರವಾಗಿ ಕೆಂಪು ಬಳಿದರೆ ಬಣ್ಣ ಅಡಿಗೆ ನುಗ್ಗುತ್ತದೆ. ಮೊದಲು ಟೇಪಿನ ಅಂಚಿಗೆ ಬಿಳಿಯನ್ನೇ ಸವರಿ, ಒಣಗಿದ ಮೇಲೆ ಕೆಂಪು ಹಚ್ಚಿ. ರಬ್ಬರಿನಲ್ಲಿ ಠಸ್ಸೆ ಕೊರೆದರೆ ಬಣ್ಣವನ್ನು ಸ್ಪಂಜಿನಿಂದ ತಟ್ಟಿ. ಅದ್ದಿದರೆ ಕೊರೆದ ಸಂದು ತುಂಬಿ ಹೂವು ಮುದ್ದೆಯಾಗುತ್ತದೆ.

ಈಗ ಈ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟ ಕತೆ, ಇದನ್ನು ಹೇಳದೆ ಬಿಡಲಾರೆ. 1962ರ ಜುಲೈ, ಲಾಸ್ ಏಂಜಲೀಸಿನ ಫೆರಸ್ ಗ್ಯಾಲರಿ. ಅದನ್ನು ನಡೆಸುತ್ತಿದ್ದ ಅರ್ವಿಂಗ್ ಬ್ಲಮ್ ಚಿತ್ರಗಳನ್ನು ಗೋಡೆಯುದ್ದಕ್ಕೂ ಸಣ್ಣ ಪಟ್ಟಿಯ ಮೇಲೆ ಸಾಲಾಗಿ ನಿಲ್ಲಿಸಿದ, ಥೇಟ್ ಕಿರಾಣಿ ಅಂಗಡಿಯ ಹಾಗೆ. ಒಂದೊಂದಕ್ಕೆ 100 ಡಾಲರ್. ಹತ್ತಿರದ ಇನ್ನೊಂದು ಗ್ಯಾಲರಿಯವರು ಅಸಲಿ ಡಬ್ಬಗಳನ್ನೇ ಕಿಟಕಿಯಲ್ಲಿ ಪೇರಿಸಿಟ್ಟು, ‘ಇಲ್ಲಿ ಅಗ್ಗ’ ಅಂತ ಗೇಲಿ ಮಾಡಿದರು. ಮಾರಾಟವಾದದ್ದು ಬೆರಳೆಣಿಕೆಯಷ್ಟು. ಅಷ್ಟರಲ್ಲಿ ಬ್ಲಮ್‌ಗೆ ಹೊಳೆಯಿತು: ಇವು ಬಿಡಿಬಿಡಿಯಲ್ಲ, ಒಟ್ಟಿಗೇ ಇರಬೇಕು. ಕೊಂಡವರ ಹತ್ತಿರ ಹೋಗಿ ಬೇಡಿ ಚಿತ್ರಗಳನ್ನು ವಾಪಸ್ ಪಡೆದ. ವಾರ್ಹಾಲ್‌ಗೆ ಇಡೀ ಗುಂಪಿಗೆ 1,000 ಡಾಲರ್, ಅದೂ ತಿಂಗಳಿಗೆ 100ರಂತೆ ಕಂತಿನಲ್ಲಿ! 1996ರಲ್ಲಿ ಅವು ನ್ಯೂಯಾರ್ಕಿನ ಮೋಮಾ ಸಂಗ್ರಹಾಲಯ ಸೇರಿದವು.

ಬ್ಲಮ್ ಕಂಡದ್ದನ್ನು ಹಾಸನದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಳೇಬೀಡಿನ ಆನೆ ಸಾಲು ನೋಡಿದ್ದೀರಿ. ದೂರಕ್ಕೆ ಎಲ್ಲ ಒಂದೇ; ಹತ್ತಿರ ಹೋದರೆ ಒಂದರ ಸೊಂಡಿಲು ಬೇರೆ, ಇನ್ನೊಂದರ ಮೇಲಿನ ಸವಾರ ಬೇರೆ. ಸಾಲಿನಿಂದ ಒಂದು ಆನೆ ತೆಗೆದರೆ ಅದು ಬರೀ ಆನೆ.

ಗಂಟೆ ಆಗುತ್ತಿದೆ ಅಂತ ಸನ್ನೆ ಬರುತ್ತಿದೆ. ಅದೇ ಕಾಲದ ಇನ್ನೊಬ್ಬ ಚಿತ್ರಕಾರ ಲಿಕ್ಟನ್‌ಸ್ಟೈನನ ಚುಕ್ಕಿಗಳಿಗೆ ಇನ್ನು ಸಮಯವಿಲ್ಲ. ಮೇಜಿನ ಮೇಲೆ ಡಬ್ಬ, ಅಳತೆಪಟ್ಟಿ, ಟೇಪ್ ಇವೆ. ಹಿಂದಿನ ಸಾಲಿನವರು ಮೊದಲು ಬನ್ನಿ, ಬಾಯಿಯ ಅಗಲದಿಂದ ಅಳೆಯಲು ಶುರುಮಾಡಿ.