ಸೀಟು ಸಿಕ್ಕಿತು, ಕೂತಿರಾ?

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿದ್ದು ಮುಕ್ಕಾಲು ಗಂಟೆ. ದೀಪ ಹಚ್ಚುವುದಕ್ಕೆ ಅಂತ ಫ್ಯಾನ್ ಆರಿಸಿದರು. ದೀಪ ಹತ್ತಿದ ಮೇಲೆ ಫ್ಯಾನ್ ಹಾಕುವುದನ್ನು ಮರೆತರು. ನೆನಪಾಗಿ ಹಾಕಿದರು, ದೀಪ ಆರಿತು. ಹತ್ತು ನಿಮಿಷ ಅಲ್ಲೇ ಹೋಯಿತು. ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಮೂರಾದರೂ ಮುಗಿದರೆ ನನ್ನ ಪುಣ್ಯ.

ಒಳಗೆ ಬರುವಾಗ ಮೆಟ್ಟಿಲ ಹತ್ತಿರ ಒಬ್ಬ ಅಕ್ಕಾವರು ತಡೆದು ಕೇಳಿದರು. "ಮೇಡಮ್ಮಾರ, ನಮ್ಮ ಹುಡುಗಗ ಕಂಪ್ಯೂಟರ್ ಸೈನ್ಸ್ ಸೀಟು ಎಲ್ಲಿ ಸಿಗತೈತ್ರಿ?" ಪಾಪ, ಈ ಬಿಸಿಲಲ್ಲಿ ಗುಳೇದಗುಡ್ಡದಿಂದ ಬಂದಿದ್ದಾರೆ. ರಿಸಲ್ಟ್ ಬಂದ ದಿನದಿಂದ ನಮ್ಮ ಕಡೆ ಮದುವೆ ಮನೆಯಲ್ಲೂ ಇದೇ ಮಾತು. ಸೀಟು ಸಿಕ್ತಾ? ಯಾವ ಬ್ರಾಂಚು? ಡೊನೇಶನ್ ಎಷ್ಟು? "ಆ ಸೀಟಿನಲ್ಲಿ ಹುಡುಗ ಕೂತನಾ?" ಅಂತ ಮಾತ್ರ ಯಾರೂ ಕೇಳುವುದಿಲ್ಲ. ಇವತ್ತು ನಾನು ಇದೊಂದನ್ನೇ ತಿರುಗಿ ತಿರುಗಿ ಕೇಳುವವಳಿದ್ದೇನೆ. ಬೇಜಾರಾದರೆ ಹಿಂದಿನ ಸಾಲಿನವರು ಮೊಬೈಲ್ ನೋಡಬಹುದು. ಸೌಂಡ್ ಬಂದ್ ಮಾಡಿ, ಅಷ್ಟೇ.

ಬಾಗಲಕೋಟೆಯ ನವನಗರದಲ್ಲಿ, ಅಣೆಕಟ್ಟಿಗೆ ಮನೆ ಕಳೆದುಕೊಂಡವರ ಊರಲ್ಲಿ ನಿಂತು ಮುಳುಗಡೆ ಅಂದರೇನು ಅಂತ ಹೇಳಬೇಕಾಗಿಲ್ಲ. ನಮ್ಮ ಕಾಕಾನ ಹೊಲ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಪರಿಹಾರ ಬಂತು. ಸಾಲ ತೀರಿಸಿ, ಮಗಳ ಮದುವೆ ಮಾಡಿ, ಉಳಿದದ್ದನ್ನು ಪೂರ್ತಿ ಮಗನ ಮ್ಯಾನೇಜ್‌ಮೆಂಟ್ ಸೀಟಿಗೆ ಸುರಿದರು. ಬೆಂಗಳೂರಿನ ಒಂದು ಕಾಲೇಜು. ಹೆಸರು ಬೇಡ, ಗೇಟು ಮಾತ್ರ ಭಾರಿ ಇತ್ತು. ಹುಡುಗನಿಗೆ ಯಂತ್ರ ಬಿಚ್ಚಿ ಜೋಡಿಸುವ ಹುಚ್ಚು, ಪರದೆ ಮುಂದೆ ಅರ್ಧ ಗಂಟೆ ಕೂತರೆ ತಲೆನೋವು. ಮೂರನೇ ಸೆಮಿಸ್ಟರಿನ ಗಣಿತವನ್ನು ನಾಲ್ಕು ಸಲ ಬರೆದ. ಈಗ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿದ್ದಾನೆ, ನನಗಿಂತ ಜಾಸ್ತಿ ದುಡಿಯುತ್ತಾನೆ. ಕಾಕಾ ಈಗಲೂ ಅನ್ನುತ್ತಾರೆ, "ಆ ರೊಕ್ಕ ಆಗ ಅಂಗಡಿಗೇ ಹಾಕಿದ್ರ ಇಷ್ಟೊತ್ತಿಗೆ ಶೋರೂಮ್ ಆಗತಿತ್ತು."

ಇನ್ನು ನನ್ನ ಕಥೆ. ನಮ್ಮಪ್ಪನದು ಹಿಟ್ಟಿನ ಗಿರಣಿ, ಬಾದಾಮಿ ತಾಲೂಕಿನ ಹಳ್ಳಿ. ಪಿಯುಸಿ ಸೈನ್ಸ್ ಓದಿದೆ. ಕೆಮಿಸ್ಟ್ರಿ ನನ್ನ ಕೈ ಹಿಡಿಯಲಿಲ್ಲ, ನಾನೂ ಅದರ ಕೈ ಹಿಡಿಯಲಿಲ್ಲ. ಸಿಇಟಿ ರ್‍ಯಾಂಕ್ ನೋಡಿ ಅಪ್ಪ "ಇದು ಯಾರದವಾ ಫೋನ್ ನಂಬರ?" ಅಂದರು. ಹಂಗಾಗಿ ಎಂಜಿನಿಯರಿಂಗ್ ಬಿಟ್ಟು 2005ರಲ್ಲಿ ಬಿಸಿಎ, ಅಂದರೆ ಕಂಪ್ಯೂಟರ್ ಪದವಿಗೆ ಸೇರಿದೆ. ಆಗ ನಮ್ಮ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ. ಬಿಸಿಎ ಅಂದರೆ ಸೀಟು ಸಿಗದವರು ಹೋಗುವ ಜಾಗ ಅಂತ ಊರೆಲ್ಲ ಮಾತು. ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು, ಕರೆಂಟ್ ಹೋದರೆ ನಾಲ್ವರು, ಯಾಕೆಂದರೆ ಯುಪಿಎಸ್ ಇದ್ದದ್ದು ಅರ್ಧಕ್ಕೆ ಮಾತ್ರ. ಪ್ರೋಗ್ರಾಂ ಬರೆಯುವುದಕ್ಕೆ ಟರ್ಬೊ ಸಿ ಅಂತ ಒಂದು ನೀಲಿ ಪರದೆ. ಅದು ಈಗಲೂ ಕೆಲವು ಲ್ಯಾಬಿನಲ್ಲಿ ಉಸಿರಾಡುತ್ತಿದೆ ಅಂತ ಕೇಳಿದ್ದೇನೆ. ದೇವರು ಅದಕ್ಕೆ ಬೇಗ ಮುಕ್ತಿ ಕೊಡಲಿ.

ಪುಸ್ತಕದಲ್ಲಿ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಇತ್ತು. ಅದನ್ನು ಬರೆದು ಬೇಸರವಾಗಿ, ಅಪ್ಪನ ಗಿರಣಿ ಲೆಕ್ಕವನ್ನೇ ಪ್ರೋಗ್ರಾಂ ಮಾಡೋಣ ಅನ್ನಿಸಿತು. ಒಂದು ವಾರದ ಉದ್ರಿ ಪುಸ್ತಕ ಲ್ಯಾಬಿಗೆ ಒಯ್ದೆ. ಹೆಸರು, ಕಾಳು, ಎಷ್ಟು ಕಿಲೋ, ದರ. ಮೂವತ್ತು ಸಾಲಿನ ಪ್ರೋಗ್ರಾಂ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರಕರ ಅಂತ ಪ್ರಿಂಟ್ ತೆಗೆಯಿತು. ಆ ಉದ್ದನೆ ಕಾಗದವನ್ನು ಸುರುಳಿ ಸುತ್ತಿಕೊಂಡು ಬಸ್ಸಿನಲ್ಲಿ ಎಂಥಾ ಜಂಬದಿಂದ ಕೂತಿದ್ದೆ ಗೊತ್ತಾ? ಅಪ್ಪ ಗಿರಣಿ ನಿಲ್ಲಿಸಿದರು, ಮುಖದ ಹಿಟ್ಟು ಒರೆಸಿಕೊಂಡರು, ಕನ್ನಡಕ ಹಾಕಿಕೊಂಡರು. ಮೊದಲನೇ ಸಾಲಿಗೇ ಬೆರಳು ನಿಂತಿತು. ಹತ್ತು ಕಿಲೋ ಜೋಳ, ಹತ್ತು ರೂಪಾಯಿ. ಆಗ ಜೋಳ ಬೀಸುವ ದರ ಕಿಲೋಗೆ ಒಂದೂವರೆ. "ನಿನ್ನ ಕಂಪ್ಯೂಟರು ಕಿಲೋಕ್ಕ ಎಂಟಾಣೆ ನುಂಗೇತಲ್ಲವಾ."

ಇಲ್ಲಿ ಕೂತ ಲೆಕ್ಚರರ್‌ಗಳು ಆಗಲೇ ನಗುತ್ತಿದ್ದಾರೆ. ದರವನ್ನು ನಾನು ಇಂಟ್ ಅಂತ ಘೋಷಿಸಿದ್ದೆ. ಸಿ ಭಾಷೆಯಲ್ಲಿ ಇಂಟ್ ಅಂದರೆ ಪೂರ್ಣ ಸಂಖ್ಯೆ. ಒಂದೂವರೆಯನ್ನು ಅದರಲ್ಲಿ ಹಾಕಿದರೆ ಒಂದು ಉಳಿಯುತ್ತದೆ, ಅರ್ಧ ಸದ್ದಿಲ್ಲದೆ ಬಿದ್ದು ಹೋಗುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಬೈಯುವುದಿಲ್ಲ, ನೀಟಾಗಿ ತಪ್ಪು ಉತ್ತರ ಪ್ರಿಂಟ್ ಮಾಡುತ್ತದೆ. ಮುಂದಿನ ವಾರ ಇಂಟ್ ತೆಗೆದು, ದಶಾಂಶ ಹಿಡಿಯುವ ಫ್ಲೋಟ್ ಹಾಕಿದೆ. ಎಂಟಾಣೆ ವಾಪಸ್ ಬಂತು. ಅಪ್ಪ ಮತ್ತೆ ಕನ್ನಡಕ ಹಾಕಿಕೊಂಡರು.

"ಇದೇನು, ನುಚ್ಚಿಗೂ ಹಿಟ್ಟಿಗೂ ಒಂದೇ ದರ ಹಾಕೀಯಲ್ಲ?" ಸರಿ, ನುಚ್ಚಿನ ದರ ಬೇರೆ ಮಾಡಿದೆ. "ಬಡಿಗೇರ ಮನಿಯವರಿಂದ ರೊಕ್ಕ ಬರಂಗಿಲ್ಲ, ಅಂವ ಗಿರಣಿ ಬಾಗಲಾ ಮಾಡಿಕೊಟ್ಟಾನ, ಅದರಾಗ ಮುರಕೋಬೇಕು." ಅದನ್ನೂ ಸೇರಿಸಿದೆ. "ಇವರದು ಬನಶಂಕರಿ ಜಾತ್ರಿ ಮುಗಿಯೋತನಕ ಉದ್ರಿ." ಆಯಿತು. ಆಮೇಲೆ ಒಂದು ಹೆಸರಿನ ಮುಂದೆ ಪುಸ್ತಕದಲ್ಲಿ ಬರೀ ಒಂದು ಗೀಟು. ದುಡ್ಡೂ ಇಲ್ಲ, ಬಾಕಿಯೂ ಇಲ್ಲ. ಏನಪ್ಪಾ ಇದು ಅಂದೆ. "ಆ ಅಜ್ಜಿಗೆ ಯಾರೂ ಇಲ್ಲ. ಆಕಿದು ಬರಿಯಂಗಿಲ್ಲ." ಹಂಗಾದರೆ ಗೀಟು ಯಾಕೆ? "ಮರತು ಕೇಳಬಾರದಲ್ಲ, ಅದಕ್ಕ."

ಮೂವತ್ತು ಸಾಲು ಇನ್ನೂರಕ್ಕೆ ಹೋಯಿತು. ಮೂರು ತಿಂಗಳು ಪ್ರತಿ ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಕೂತೆ. ರಜೆಯ ಹೊತ್ತಲ್ಲಿ ಬಾಗಿಲು ತೆಗೆದುಕೊಡುತ್ತಿದ್ದ ಅಟೆಂಡರ್ ಕಾಕಾನಿಗೆ ವಾರಕ್ಕೆ ಎರಡು ಕಿಲೋ ಜೋಳದ ಹಿಟ್ಟು. ಲಂಚ ಅನ್ನಬೇಡಿ, ಗುರುದಕ್ಷಿಣೆ. ಎರಡು ವರ್ಷ ಕಳೆದು ನನ್ನ ಮೊದಲ ಇಂಟರ್‌ವ್ಯೂನಲ್ಲಿ ಅವರು ಅಂಕಪಟ್ಟಿ ಪಕ್ಕಕ್ಕಿಟ್ಟು, "ನೀವಾಗಿ ಏನಾದರೂ ಮಾಡಿದ್ದೀರಾ?" ಅಂದರು. ನಾನು ಗಿರಣಿ ಹೇಳಿದೆ. ಇಪ್ಪತ್ತು ನಿಮಿಷ ನುಚ್ಚು, ಉದ್ರಿ, ಗೀಟು, ಇದೇ ಮಾತು. ಕೆಲಸ ಸಿಕ್ಕಿತು.

ಕಥೆ ಉದ್ದವಾಯಿತು ಅಲ್ವಾ? ನನ್ನ ಮಗಳು "ಗಿರಣಿ ಶುರು ಮಾಡಬೇಡ ಮಮ್ಮಿ" ಅಂತ ಹೇಳಿಯೇ ಕಳಿಸಿದ್ದಳು.

ಈಗ ದಾರಿಗಳ ಮಾತು. ಹತ್ತನೇ ತರಗತಿ ಮುಗಿಸಿದವರು ಯಾರ್‍ಯಾರು, ಕೈ ಎತ್ತಿ. ನಿಮಗೆ ಡಿಪ್ಲೊಮಾ ಇದೆ, ಮೂರು ವರ್ಷ. ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಪ್ರವೇಶ. ಮೂರು ಕೂಡಿಸು ಮೂರು, ಆರು. ಪಿಯುಸಿ ಎರಡು, ಎಂಜಿನಿಯರಿಂಗ್ ನಾಲ್ಕು, ಅದೂ ಆರೇ. ಒಂದು ದಿನವೂ ನಷ್ಟವಿಲ್ಲ. ಮನೆಯಲ್ಲಿ ದುಡ್ಡಿನ ಅಡಚಣೆ ಇದ್ದರೆ ನಡುವೆ ಮೂರು ವರ್ಷಕ್ಕೆ ಕೈಯಲ್ಲೊಂದು ಸರ್ಟಿಫಿಕೇಟ್ ಇರುತ್ತದೆ, ಕೆಲಸಕ್ಕೂ ಸೇರಬಹುದು. ಒಂದು ಎಚ್ಚರಿಕೆ. ಡಿಪ್ಲೊಮಾದಿಂದ ಹೋದವರು ಮೊದಲು ಎಡವುವುದು ಗಣಿತದಲ್ಲಿ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯು ಅವರಿಗೆ ಅಂತಲೇ ಹೆಚ್ಚುವರಿ ಗಣಿತದ ಪೇಪರ್ ಇಟ್ಟಿದೆ. ಅದನ್ನು ಸುಮ್ನೆ ಪಾಸಾಗುವ ಪೇಪರ್ ಅಂತ ಬಿಡಬೇಡಿ.

ಪಿಯುಸಿ ಸೈನ್ಸ್‌ಗೆ ಹೋಗುವವರು ಪಿಸಿಎಂಸಿ, ಅಂದರೆ ಕಂಪ್ಯೂಟರ್ ಇರುವ ಗುಂಪು, ಸಿಗಲಿಲ್ಲ ಅಂತ ಅಳುವುದು ಬೇಡ. ಅದರ ಬದಲು ಬಯಾಲಜಿ ಇರುವ ಪಿಸಿಎಂಬಿ ಓದಿದವರಿಗೂ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸಿಗುತ್ತದೆ. ಇನ್ನೊಂದು. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಕೆಸಿಇಟಿ, ಅದೇ ನಮ್ಮ ಸಿಇಟಿ, ಇದೆ, ಪಿಯುಸಿ ಹೇಗೋ ಪಾಸಾದರೆ ಸಾಕು ಅಂತ ಕೋಚಿಂಗಿನಲ್ಲೇ ಇರುವ ಮಕ್ಕಳಿದ್ದಾರೆ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ ಅರ್ಧ, ಕೆಸಿಇಟಿ ಅಂಕ ಅರ್ಧ. ಕೆಮಿಸ್ಟ್ರಿಯನ್ನು ನನ್ನ ಹಾಗೆ ಬಿಟ್ಟರೆ ಎರಡೂ ಕಡೆ ಹೊಡೆತ.

ಈಗ ಪೆನ್ನು ತೆಗೀರಿ. ನಮ್ಮ ಮಕ್ಕಳು ಸುಮ್ಮಸುಮ್ಮನೆ ಕಳೆದುಕೊಳ್ಳುವುದು ಇಲ್ಲೇ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಇದೆ, 15%. ಹತ್ತೂ ವರ್ಷ ಕನ್ನಡ ಮಾಧ್ಯಮ ಆಗಿದ್ದರೆ 5%. ಎರಡಕ್ಕೂ ಶಾಲೆಯ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಒಂದನೇ ಕ್ಲಾಸು ಒಂದು ಊರು, ಐದನೇದು ಅಜ್ಜಿ ಮನೆ, ಎಂಟನೇದು ಹಾಸ್ಟೆಲ್, ಹಿಂಗೆ ಮೂರು ಶಾಲೆ ಆಗಿದ್ದರೆ ಮೂರೂ ಕಡೆ ಓಡಾಡಬೇಕು. ಕೊನೆಯ ವಾರಕ್ಕೆ ಇಟ್ಟುಕೊಂಡರೆ ಹೆಡ್ ಮಾಸ್ತರು ಟ್ರೇನಿಂಗಿಗೆ ಹೋಗಿರುತ್ತಾರೆ. ಅದು ಸೃಷ್ಟಿಯ ನಿಯಮ. ಇನ್ನು ಎಸ್‌ಎನ್‌ಕ್ಯೂ ಅಂತ ಒಂದಿದೆ. ಮನೆಯ ವರ್ಷದ ಆದಾಯ 8 ಲಕ್ಷದೊಳಗಿದ್ದು ಮೆರಿಟ್ ಇದ್ದವರಿಗೆ ಬೋಧನಾ ಶುಲ್ಕ ಮಾಫಿ ಇರುವ ಹೆಚ್ಚುವರಿ ಸೀಟುಗಳು. ಇದಕ್ಕೆ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. 371ಜೆ, ಅಂದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿರುವ ಮೀಸಲಾತಿ, ನಮಗಿಲ್ಲ, ಅದು ಗೊತ್ತಿರಲಿ. ಇಳಕಲ್ಲಿನಿಂದ ಬಸ್ ಹತ್ತಿ ಕುಷ್ಟಗಿಯಲ್ಲಿ ಇಳಿದರೆ ಅಲ್ಲಿಯ ಮಕ್ಕಳಿಗೆ ಇದೆ. ಈ ಬಗ್ಗೆ ನನಗೂ ಸಿಟ್ಟಿದೆ. ಆದರೆ ಆ ಸಿಟ್ಟಿಗೆ ಬೇರೆ ದಿನ, ಬೇರೆ ಭಾಷಣ.

ಕಾಲೇಜು ಯಾವುದು? ಇಲ್ಲೇ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ, 1963ರದ್ದು. ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಕಾಲೇಜು ಇದೆ. ವಿಟಿಯು ಕೇಂದ್ರ ಕಚೇರಿಯೇ ನಮ್ಮ ಬೆಳಗಾವಿಯಲ್ಲಿ, 1998ರಿಂದ. ಬೆಂಗಳೂರಿನ ಒಳ್ಳೆ ಕಾಲೇಜುಗಳಿಗೆ ಕಂಪನಿಗಳು ಜಾಸ್ತಿ ಬರುತ್ತವೆ, ಅದನ್ನು ಇಲ್ಲ ಅನ್ನುವುದಿಲ್ಲ. ಮೆರಿಟ್ ಮೇಲೆ ಅಲ್ಲಿ ಸಿಕ್ಕರೆ ಕಣ್ಣು ಮುಚ್ಚಿ ಹೋಗಿ. ಹೊಲ ಮಾರಿ ಹೋಗಬೇಡಿ. ಅದೇ ದುಡ್ಡಿನ ಒಂದು ಚೂರಿನಲ್ಲಿ ಇಲ್ಲೇ ಓದಿ, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡು, ದಿನಾ ಎರಡು ತಾಸು ಕೂತವನು ನನ್ನ ಟೀಮಿನಲ್ಲೇ ಇದ್ದಾನೆ. ಎಐ-ಎಂಎಲ್, ಡೇಟಾ ಸೈನ್ಸ್, ಇನ್ಫರ್ಮೇಶನ್ ಸೈನ್ಸ್ ಅಂತ ಬ್ರಾಂಚಿನ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್ ಎಲ್ಲರೂ ಓದಲೇಬೇಕು. ಒಂದೇ ಹಿಟ್ಟು. ಒಬ್ಬರು ರೊಟ್ಟಿ ಅಂತಾರೆ, ಒಬ್ಬರು ಭಕ್ರಿ ಅಂತಾರೆ.

ಚೀಟಿ ಬಂತು. "ಇನ್ನು 5 ನಿಮಿಷ." ನೋಡಿ, ನನ್ನ ಬಿಸಿಎ ವಿಷಯಕ್ಕೇ ಬರ ಬಂತು.

ಬೇಗ ಹೇಳುತ್ತೇನೆ. ಕಾಮರ್ಸ್, ಆರ್ಟ್ಸ್ ಓದಿದವರಿಗೂ ಬಿಸಿಎ ಬಾಗಿಲು ಹಲವು ಕಡೆ ತೆರೆದಿದೆ. ಆಯಾ ವಿಶ್ವವಿದ್ಯಾಲಯದ ನಿಯಮ ನೋಡಿಕೊಳ್ಳಿ. ಮೂರು ವರ್ಷ. 2024-25ರಿಂದ ಬಿಸಿಎ ಕೂಡ ದೇಶದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಅಡಿ ಬಂದಿದೆ. ಸೇರುವ ಕಾಲೇಜಿಗೆ ಅನುಮೋದನೆ ಇದೆಯಾ ಅಂತ ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ. ಆಮೇಲೆ ಎಂಸಿಎ, ಅದೇ ವಿಷಯದ ಸ್ನಾತಕೋತ್ತರ ಪದವಿ. ನಾನು ಮಾಡುವಾಗ ಮೂರು ವರ್ಷ, ಈಗ ಎರಡೇ. ವಿಪ್ರೋದಂಥ ಕಡೆ ಬಿಸಿಎ, ಬಿಎಸ್ಸಿ ಆದವರನ್ನು ಕೆಲಸಕ್ಕೆ ತಗೊಂಡು ಜೊತೆಗೆ ಎಂಟೆಕ್ ಓದಿಸುವ ಯೋಜನೆಯೂ ಇದೆ. ಮನೆಯಲ್ಲೇ ಕೂತು ಓದುವವರಿಗೆ ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಪದವಿ ಇದೆ, 2020ರಿಂದ ಶುರುವಾಗಿದ್ದು. ಐಐಟಿ ಪ್ರವೇಶದ ಜೆಇಇ ಪರೀಕ್ಷೆ ಬೇಕಿಲ್ಲ, ಅವರದೇ ಅರ್ಹತಾ ಪರೀಕ್ಷೆ ಇದೆ. ಪಾಠ ಆನ್‌ಲೈನು, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ಬಿಸಿಎ ಮಾಡುತ್ತಲೇ ಅದನ್ನೂ ಮಾಡುವ ಹುಡುಗಿಯರಿದ್ದಾರೆ. ಅವರು ನಿಜವಾಗಿ ಕೂತವರು. "ನೂರಕ್ಕೆ ನೂರು ಜಾಬ್ ಗ್ಯಾರಂಟಿ" ಬೋರ್ಡಿನವರಿಗೆ ಮಾತ್ರ ಮುಂಗಡ ಕೊಡಬೇಡಿ.

ಐದನೇದು ಎಐ. ಅಲ್ಲಿ ಮೂರನೇ ಸಾಲಿನ ತಮ್ಮ ಆಗಿನಿಂದ ಕೈ ಎತ್ತಿದ್ದಾನೆ, ಅದನ್ನೇ ಕೇಳುತ್ತಾನೆ ಅಂತ ಗೊತ್ತು. ಪ್ರೋಗ್ರಾಂ ಅದೇ ಬರೆಯುತ್ತದೆ, ಇನ್ನು ನಾವ್ಯಾಕೆ, ಅಲ್ವಾ? ಬರೆಯುತ್ತದಪ್ಪಾ. ನಾನೂ ದಿನಾ ಬಳಸುತ್ತೇನೆ. ಹೋದ ತಿಂಗಳು ಸುಮ್ನೆ ಕುತೂಹಲಕ್ಕೆ ಗಿರಣಿ ಲೆಕ್ಕದ ಪ್ರೋಗ್ರಾಂ ಬರೆಸಿದೆ. ಅರ್ಧ ನಿಮಿಷದಲ್ಲಿ ಬರೆಯಿತು, ಎಂಟಾಣೆ ನುಂಗಲಿಲ್ಲ. ನನ್ನ ಮೂರು ತಿಂಗಳ ಶನಿವಾರ ನೆನೆದು ಸ್ವಲ್ಪ ಹೊಟ್ಟೆ ಉರಿಯಿತು. ಆದರೆ ನುಚ್ಚಿನ ದರ ಬೇರೆ ಅಂತ ನಾನೇ ಹೇಳಬೇಕಾಯಿತು. ಬಡಿಗೇರ ಬಾಗಿಲೂ ನಾನೇ ಹೇಳಿದೆ. ಗೀಟಿನ ವಿಷಯ ಹೇಳಿದಾಗ "ದರ ಸೊನ್ನೆ ಇಡಲೇ?" ಅಂತ ಕೇಳಿತು. ಅಪ್ಪನಿಗೆ ಫೋನ್ ಮಾಡಿ ಕೇಳಿದೆ. "ಸೊನ್ನಿ ಹಾಕಿದ್ರ ಪುಕ್ಕಟೆ ಅಂತ ಚೀಟಿ ಬರತೈತಿ. ಆಕಿ ಅದನ್ನ ಓದ್ಯಾಳು, ಬ್ಯಾಡ" ಅಂದರು.

ಎರಡನೇ ಚೀಟಿ ಬಂತು, ಇದರಲ್ಲಿ ನಿಮಿಷ ಬರೆದಿಲ್ಲ, ಬರೀ "ಊಟ" ಅಂತ ಇದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರದ ನಮೂನೆ ಐವತ್ತು ಝೆರಾಕ್ಸ್ ತಂದಿದ್ದೇನೆ, ಬಾಗಿಲ ಹತ್ತಿರ ಟೇಬಲ್ ಮೇಲಿದೆ. ಗುಳೇದಗುಡ್ಡದ ಅಕ್ಕಾವರು ಎಲ್ಲಿದ್ದೀರಿ? ಹುಡುಗನನ್ನೂ ಕರೆದುಕೊಂಡು ನನ್ನ ಪಕ್ಕಕ್ಕೆ ಊಟಕ್ಕೆ ಬನ್ನಿ. ಅವನಿಗೆ ಏನು ಮಾಡುವುದು ಇಷ್ಟ ಅಂತ ಇನ್ನೂ ಕೇಳಬೇಕು ನಾನು.